ಕಬ್ಬಿಣದ ಕೈಗೆ ಸಿಕ್ಕ ಕಾರ್ಬನ್ ಸೈಕಲ್

ಕಾರ್ಬನ್ ಅನ್ನುವ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಟೀ ಅಂಗಡಿಯಲ್ಲಿ ಹುಡುಗರು ಮೊಬೈಲಿನಲ್ಲಿ ಸೈಕಲ್ ಚಿತ್ರ ನೋಡುತ್ತಾ "ಫುಲ್ ಕಾರ್ಬನ್ ಕಣೋ, ಒಂದೇ ಬೆರಳಲ್ಲಿ ಎತ್ತಬಹುದು" ಅಂದರೆ, ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಎದ್ದು ಬರುತ್ತೇನೆ. ನನಗೆ ಹುಟ್ಟಿದಾಗಿನಿಂದಲೂ ಕೋಪ ಮೂಗಿನ ತುದಿಯಲ್ಲೇ ಇದೆ, ಕಾರ್ಬನ್ ಬರೀ ನೆಪ ಅನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಈ ಕೋಪಕ್ಕೆ ಒಂದು ಕಥೆಯಿದೆ. ಊರಿನವರು ಬಾಯಿಗೆ ಬಂದ ಹಾಗೆ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಲೇತ್ ಅಂಗಡಿಯಿದೆ. ಅಪ್ಪ ಹಾಕಿದ್ದು, ಅವರಾದ ಮೇಲೆ ನಾನು. ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಶಾಫ್ಟು, ಟ್ರೇಲರಿನ ಕೊಂಡಿ, ಬೋರ್‌ವೆಲ್ ಪಂಪಿನ ಬುಷ್ಷು, ಇವೆಲ್ಲ ಹೊಟ್ಟೆಪಾಡಿನ ಕೆಲಸ. ಮನಸ್ಸಿಗೆ ಹಿಡಿಸಿದ ಕೆಲಸ ಬೇರೆಯಿತ್ತು. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂತೆಂದರೆ ಸುತ್ತಮುತ್ತಲ ಸರ್ಕಾರಿ ಶಾಲೆಗಳ ಪಿಟಿ ಮೇಷ್ಟ್ರುಗಳು ನನ್ನ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಶಾಟ್‌ಪುಟ್ ಗುಂಡು ಕಡೆದು ಕೊಡುತ್ತಿದ್ದೆ, ತೂಕ ಸರಿಯಿದೆಯೋ ಇಲ್ಲವೋ ಅಂತ ಪಕ್ಕದ ರಾಗಿ ಮಿಷನ್ನಿನ ತಕ್ಕಡಿಗೆ ಹಾಕಿ ನೋಡುತ್ತಿದ್ದೆವು. ಬಾಗಿದ ಜಾವೆಲಿನ್ ನೆಟ್ಟಗೆ ಮಾಡಿದ್ದೇನೆ, ಸವೆದ ಡಿಸ್ಕಸ್‌ಗೆ ಹೊಸ ಬಳೆ ಕೂರಿಸಿದ್ದೇನೆ. ಆಟದ ಸಾಮಾನಿನ ವಿಷಯದಲ್ಲಿ ಈ ಜಿಲ್ಲೆಯಲ್ಲಿ ನನಗೆ ಹೇಳಿಕೊಡುವವರು ಯಾರೂ ಇಲ್ಲ ಅಂತಲೇ ನನ್ನ ಲೆಕ್ಕವಾಗಿತ್ತು.

ಕಬ್ಬಿಣವಾಗಲಿ ಉಕ್ಕಾಗಲಿ, ಅದರ ಗುಣ ಏನೆಂದರೆ ಹೇಳಿ ಕೆಡುತ್ತದೆ. ಭಾರ ಹೆಚ್ಚಾದರೆ ಮೊದಲು ಬಾಗುತ್ತದೆ, ನೀರು ಬಿದ್ದರೆ ತುಕ್ಕು ತೋರಿಸುತ್ತದೆ, ಒಳಗೆ ಬಿರುಕಿದ್ದರೆ ಸುತ್ತಿಗೆ ತಟ್ಟಿದಾಗ ದನಿ ಒಡೆದು ಕೇಳಿಸುತ್ತದೆ. ಬಾಗಿದ್ದನ್ನು ತಿರುಗಿ ನೆಟ್ಟಗೆ ಮಾಡಬಹುದು, ಮುರಿದದ್ದನ್ನು ಬೆಸೆಯಬಹುದು. ಅಲ್ಯೂಮಿನಿಯಂ ಅಷ್ಟು ನಂಬಿಕಸ್ಥ ಅಲ್ಲ. ಹಗುರ, ನಿಜ. ಆದರೆ ವರ್ಷಗಟ್ಟಲೆ ಸಣ್ಣ ಸಣ್ಣ ಕುಲುಕಾಟ ನುಂಗಿಕೊಂಡಿದ್ದು ಒಂದು ದಿನ ಸುಸ್ತಾಗಿ ಬಿರುಕು ಬಿಡುತ್ತದೆ. ಟೈಟಾನಿಯಂ ನಾನು ಮುಟ್ಟಿದ್ದು ಒಂದೇ ಸಲ. ಕಳವಾರದ ಕಡೆ ಬೆಟ್ಟ ಹತ್ತಲು ಬಂದಿದ್ದ ಬೆಂಗಳೂರಿನವರೊಬ್ಬರು ಚೈನ್ ತುಂಡಾಗಿ ಸೈಕಲ್ ತಳ್ಳಿಕೊಂಡು ಬಂದಿದ್ದರು. ತುಕ್ಕಿಲ್ಲ, ಭಾರವಿಲ್ಲ, ತಟ್ಟಿದರೆ ಒಳ್ಳೆಯ ನಾದ. ಒಳ್ಳೆ ಮನೆತನದ ಲೋಹ ಅನ್ನಿಸಿತು. ಅವರ ಜೊತೆಯವರ ಸೈಕಲ್ ಕಾರ್ಬನ್ನಿನದು. ಅದನ್ನೂ ಬೆರಳ ಗೆಣ್ಣಿನಲ್ಲಿ ತಟ್ಟಿದೆ. ಒಣಗಿದ ಸೋರೆಬುರುಡೆ ತಟ್ಟಿದ ಹಾಗೆ ಟೊಕ್ ಟೊಕ್ ಅಂದಿತು. ಅವತ್ತೇ ನನಗೂ ಅದಕ್ಕೂ ಆಗಿಬರಲಿಲ್ಲ.

ನನ್ನ ತಂಗಿಯನ್ನು ಕೊಟ್ಟಿರುವುದು ಸಾದಲಿಗೆ, ರೇಷ್ಮೆ ಹುಳ ಸಾಕುವ ಮನೆಗೆ. ಅವಳ ಮಗಳು ಹತ್ತನೇ ಕ್ಲಾಸು ಮುಗಿಸಿ ಮುಂದೆ ಓದಲು ನಮ್ಮ ಮನೆಗೆ ಬಂದು ಸೇರಿದಳು. ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಸೈಕಲ್ ಮೇಲೆ ಹೇರಿಕೊಂಡು ಏರು ಹತ್ತಿ ಬೆಳೆದ ಹುಡುಗಿ. ಕಾಲೇಜಿಗೆ ಹೋಗುವಾಗ ಅವಳ ಸೈಕಲ್ ಹಿಂದೆ ನಾನು ಸ್ಕೂಟರಿನಲ್ಲಿ ಹೋದ ದಿನ ಗೊತ್ತಾಯಿತು, ಇವಳ ಕಾಲಿನಲ್ಲಿ ಏನೋ ಇದೆ ಅಂತ. ಏರಿನಲ್ಲಿ ಅವಳು ಸೀಟಿನಿಂದ ಏಳುತ್ತಲೇ ಇರಲಿಲ್ಲ.

ಅವಳಿಗೆ ಒಂದು ಸೈಕಲ್ ನಾನೇ ಕಟ್ಟಿದೆ. ತೆಳು ಗೋಡೆಯ ಉಕ್ಕಿನ ಕೊಳವೆ ಬೆಂಗಳೂರಿನಿಂದ ತರಿಸಿ, ಅವಳ ಕಾಲು, ತೋಳು, ಬೆನ್ನಿನ ಅಳತೆ ತೆಗೆದು, ಹಿತ್ತಾಳೆ ಕಡ್ಡಿಯಲ್ಲಿ ಬೆಸೆದು, ಒಂದೊಂದು ಸಂದಿಯನ್ನೂ ಅರದಿಂದ ಉಜ್ಜಿ ನುಣುಪು ಮಾಡಿದೆ. ಎರಡು ತಿಂಗಳು ಹಿಡಿಯಿತು. ಬಣ್ಣ ಅವಳೇ ಆರಿಸಿದ್ದು, ಕಡುಹಸಿರು. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಗೆ ಹೋಗುತ್ತಿದ್ದೆವು, ಅವಳು ಸೈಕಲಿನಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ. ಬೆಂಗಳೂರಿನ ಸೈಕಲ್ ಸವಾರರು ಬಿಗಿ ಬಟ್ಟೆ, ಕನ್ನಡಕ, ಹೂವಿನ ಹಾಗೆ ಹಗುರವಾದ ಸೈಕಲ್ ಎಲ್ಲ ಇಟ್ಟುಕೊಂಡು ತಿರುವಿನಲ್ಲಿ ಏದುಸಿರು ಬಿಡುತ್ತಿದ್ದರೆ, ನನ್ನ ಉಕ್ಕಿನ ಮೇಲೆ ಕೂತ ಹುಡುಗಿ ಅವರನ್ನು ದಾಟಿಕೊಂಡು ಹೋಗುತ್ತಿದ್ದಳು. ಆ ಸುಖ ಎಂಥದು ಅಂತ ಬರೆಯಲು ನನಗೆ ಬರುವುದಿಲ್ಲ. ದಾಟುವಾಗ ನಾನು ಸ್ಕೂಟರಿನ ಹಾರನ್ ಬೇರೆ ಹೊಡೆಯುತ್ತಿದ್ದೆ.

ಅಲ್ಲೇ ಅವಳನ್ನು ನೋಡಿದವರು ಕೋಚ್. ಶಿಡ್ಲಘಟ್ಟದ ನೂಲು ಬಿಚ್ಚುವ ಮುಸ್ಲಿಂ ಮನೆತನದವರು. ಕಚೇರಿಯೊಂದರಲ್ಲಿ ಕೆಲಸ, ಬೆಳಗಿನ ಹೊತ್ತು ಹತ್ತು ಹನ್ನೆರಡು ಮಕ್ಕಳಿಗೆ ಸೈಕಲ್ ಓಟ ಕಲಿಸುವುದು ಅವರ ಹುಚ್ಚು. ಮೆತ್ತಗೆ ಮಾತಾಡುವ ಮನುಷ್ಯ. ಒಂದು ವರ್ಷ ಅವಳಿಗೆ ಕಲಿಸಿದರು. ಒಂದು ಮಾತಿಗೂ ನಮ್ಮ ನಡುವೆ ಭಿನ್ನಾಭಿಪ್ರಾಯ ಬರಲಿಲ್ಲ. ಬಂದದ್ದು ಅವರು ಒಂದು ದಿನ ಕಾರಿನ ಮೇಲೆ ಕಟ್ಟಿಕೊಂಡು ಕಪ್ಪು ಸೈಕಲೊಂದನ್ನು ನನ್ನ ಅಂಗಡಿ ಮುಂದೆ ಇಳಿಸಿದಾಗ.

"ಅಣ್ಣಾ, ಕ್ರೀಡಾ ಹಾಸ್ಟೆಲ್ ಸೆಲೆಕ್ಷನ್ ಓಟ ಬರ್ತಾ ಇದೆ. ವಯಸ್ಸಿನ ಲೆಕ್ಕದಲ್ಲಿ ಇವಳಿಗೆ ಇದೇ ಕೊನೇ ವರ್ಷ. ಪರಿಚಯದವರ ಹತ್ರ ಕೇಳಿ ಓಟದವರೆಗೂ ಇದನ್ನ ತಂದಿದೀನಿ" ಅಂದರು.

"ನನ್ನ ಸೈಕಲ್‌ಗೆ ಏನಾಗಿದೆ?" ಅಂದೆ.

"ಏನೂ ಆಗಿಲ್ಲ. ಬಂಗಾರದಂಥ ಕೆಲಸ. ಆದ್ರೆ ಇದಕ್ಕಿಂತ ಮೂರು ಕೆಜಿ ಜಾಸ್ತಿ. ಆ ಓಟದಲ್ಲಿ ಎಲ್ಲರೂ ಇಂಥದ್ರಲ್ಲೇ ಬರ್ತಾರೆ."

ನನಗೆ ಅಲ್ಲಿಗೇ ಸಾಕಾಗಿತ್ತು. ಸುಟ್ಟ ದಾರಕ್ಕೆ ಅಂಟು ಬಳಿದು ಮಾಡಿದ ವಸ್ತುವಿನ ಮೇಲೆ ನನ್ನ ತಂಗಿಯ ಮಗಳನ್ನು ಕೂರಿಸಿ ಇಳಿಜಾರಿನಲ್ಲಿ ಬಿಡುತ್ತೀರಾ ಅಂತ ಶುರು ಮಾಡಿದೆ. ದನಿ ಏರಿತು. ಎದುರಿನ ಟೈರ್ ಅಂಗಡಿಯವನು ಕೆಲಸ ಬಿಟ್ಟು ನೋಡುತ್ತ ನಿಂತ. ಕೋಚ್ ಮಾತ್ರ ದನಿ ಎತ್ತಲಿಲ್ಲ. ಜೇಬಿನಿಂದ ಒಂದು ರೇಷ್ಮೆ ಗೂಡು ತೆಗೆದು ನನ್ನ ಅಂಗೈ ಮೇಲಿಟ್ಟರು. ಶಿಡ್ಲಘಟ್ಟದವರ ಜೇಬಿನಲ್ಲಿ ಒಂದಾದರೂ ಗೂಡು ಇದ್ದೇ ಇರುತ್ತದೆ.

"ಇದನ್ನ ಎರಡು ತುದಿ ಹಿಡ್ಕೊಂಡು ಒತ್ತಿ ನೋಡಿ ಅಣ್ಣಾ" ಅಂದರು. "ಎಷ್ಟು ಗಟ್ಟಿ ಅಲ್ವಾ? ಹುಳ ಬರೀ ಎಳೆ ಸುತ್ತಿ ಅಂಟು ಹಾಕಿದೆ, ಅಷ್ಟೇ. ಕಬ್ಬಿಣಕ್ಕೆ ಎಲ್ಲಾ ಕಡೆಗೂ ಒಂದೇ ಶಕ್ತಿ. ಎಳೆಗೆ ಹಾಗಲ್ಲ, ಉದ್ದಕ್ಕೆ ಮಾತ್ರ ಶಕ್ತಿ. ಅದಕ್ಕೇ ಎಲ್ಲಿ ಭಾರ ಬೀಳುತ್ತೋ ಅಲ್ಲಿಗೆ ಎಳೆ ಹಾಕ್ತಾರೆ, ಬೇಡದ ಕಡೆ ಬಿಡ್ತಾರೆ. ಅದರಿಂದಲೇ ಹಗುರ. ಆದ್ರೆ ಪಕ್ಕದಿಂದ ಹಿಂಡಿದ್ರೆ ತಡೆಯಲ್ಲ."

"ಗೂಡನ್ನ ಬಿಸಿನೀರಿಗೆ ಹಾಕಿದ್ರೆ ಬಿಚ್ಕೊಳ್ಳುತ್ತೆ" ಅಂದೆ ನಾನು. ಮಾತಿಗೆ ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಅವರು ನಕ್ಕರು. ಹೊರಡುವಾಗ ಒಂದು ಹಾಳೆ, ಒಂದು ಸಣ್ಣ ಟಾರ್ಕ್ ರೆಂಚು ಕೊಟ್ಟರು. ಹಾಳೆಯಲ್ಲಿ ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಅಂತ ಇತ್ತು. ರೆಂಚು ಆ ಅಳತೆ ಮುಟ್ಟಿದ ತಕ್ಷಣ ಕ್ಲಿಕ್ ಅಂದು ಕೈಯನ್ನು ತಡೆಯುತ್ತದೆ. "ಇದಿಲ್ಲದೆ ಮುಟ್ಟಬೇಡಿ ಅಣ್ಣಾ, ಅಥವಾ ನನ್ನನ್ನೇ ಕರೀರಿ, ಬರ್ತೀನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸ್ಪ್ಯಾನರ್ ಹಿಡಿದು ಕೂದಲು ನರೆತಿರುವವನು ನಾನು. ಕೈಯೇ ನನ್ನ ಅಳತೆ. ಬೋಲ್ಟು ಕಚ್ಚಿಕೊಳ್ಳುವವರೆಗೆ ತಿರುಗಿಸು, ಆಮೇಲೆ ಕಾಲು ಸುತ್ತು ಹೆಚ್ಚಿಗೆ ಕೊಡು ಅಂತ ಅಪ್ಪ ಕಲಿಸಿದ್ದರು. ಆ ಕಾಲು ಸುತ್ತಿನಿಂದ ನನ್ನ ಅಂಗಡಿಯಲ್ಲಿ ಇದುವರೆಗೆ ಒಂದು ಬೋಲ್ಟೂ ಸಡಿಲಾಗಿ ವಾಪಸ್ ಬಂದಿರಲಿಲ್ಲ. ರೆಂಚನ್ನು ಹಾಳೆಯಲ್ಲೇ ಸುತ್ತಿ ಮೂಲೆಗೆ ಎಸೆದೆ.

ಹುಡುಗಿ ಕಪ್ಪು ಸೈಕಲ್ ಹತ್ತಿದಳು. ಮೊದಲ ವಾರದಲ್ಲೇ ಬೆಟ್ಟದ ಏರಿನಲ್ಲಿ ಅವಳ ವೇಳೆ ಎಷ್ಟೋ ಕಡಿಮೆಯಾಯಿತು. ಬಂದು ಹೇಳುವಾಗ ಅವಳ ಮುಖ ಅರಳಿತ್ತು. ಕಬ್ಬಿಣದ ಸೈಕಲ್ ರಸ್ತೆಯ ಒರಟನ್ನು ತಾನು ಕುಡಿದುಕೊಂಡು ಮೆತ್ತಗೆ ಒಯ್ಯುತ್ತದೆ, ಇದು ತುಳಿದಿದ್ದನ್ನೆಲ್ಲ ಚಕ್ರಕ್ಕೇ ಕೊಡುತ್ತದೆ ಮಾವ, ಅಂದಳು. ಹಸಿರು ಸೈಕಲ್ ಗೋಡೆಗೆ ನೇತು ಬಿದ್ದಿತ್ತು. ಒಂದು ವಸ್ತುವಿನ ಮೇಲೆ ಮನುಷ್ಯನಿಗೆ ಹೊಟ್ಟೆಕಿಚ್ಚು ಬರಬಹುದು ಅಂತ ನನಗೆ ಗೊತ್ತಾಗಿದ್ದು ಆಗ.

ಆಯುಧಪೂಜೆ ಬಂತು. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟು. ಬರೀ ನೀರು ಚಿಮುಕಿಸಿ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ದರೆ ಅದು ಪೂಜೆಯಲ್ಲ. ಪ್ರತಿಯೊಂದು ಆಯುಧವನ್ನೂ ಯಜಮಾನ ತನ್ನ ಕೈಯಿಂದ ಬಿಚ್ಚಬೇಕು, ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಗ್ರೀಸು ಹಾಕಬೇಕು, ತಿರುಗಿ ಬಿಗಿಯಬೇಕು, ಆಮೇಲೆ ಕುಂಕುಮ. ಲೇತ್, ಡ್ರಿಲ್ಲು, ಸ್ಕೂಟರು, ಹೆಂಡತಿಯ ಹೊಲಿಗೆ ಯಂತ್ರ, ಈಳಿಗೆ ಮಣೆಯವರೆಗೂ ಇದೇ ಕಟ್ಟು. ಎಲ್ಲ ಮುಗಿಸಿ ಕಪ್ಪು ಸೈಕಲ್ ಹತ್ತಿರ ಹೋದೆ.

"ಮಾವ, ಅದೊಂದನ್ನ ಬಿಟ್ಬಿಡಿ. ಸರ್ ಬಿಚ್ಚಬೇಡಿ ಅಂದಿದಾರೆ" ಅಂದಳು.

"ನನ್ನ ಮನೆ ಹೊಸಿಲೊಳಗೆ ಇರೋ ಯಾವ ವಸ್ತುವೂ ಎಣ್ಣೆ ಕಾಣದೆ ಕುಂಕುಮ ಕಾಣಲ್ಲ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅವಳು ಹೂವಿನ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿದಳು.

ಸೀಟಿನ ಕೆಳಗಿನ ಪೈಪನ್ನು ಹೊರಕ್ಕೆ ಎಳೆದೆ. ಅದೂ ಕಾರ್ಬನ್ನಿನದೇ. ಅದರ ಮೈಗೆಲ್ಲ ಮರಳು ಮರಳಾದ ಅಂಟು ಮೆತ್ತಿತ್ತು. ನೋಡಿ ನನಗೆ ನಗು ಬಂತು. ಇಷ್ಟು ದೊಡ್ಡ ಸೈಕಲ್, ಇಷ್ಟು ದೊಡ್ಡ ಕೋಚು, ಪೈಪಿನೊಳಗೆ ರಸ್ತೆಯ ಮಣ್ಣು ಹೋಗಿ ಕೂತಿರುವುದನ್ನು ಒಬ್ಬರೂ ನೋಡಿಲ್ಲ ಅಂದುಕೊಂಡೆ. ಸೀಮೆಎಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಒರೆಸಿ, ಒಳ್ಳೆಯ ಗ್ರೀಸು ಸವರಿ, ಒಳಗೆ ಕೂರಿಸಿ ಬಿಗಿದೆ. ಕಚ್ಚಿಕೊಳ್ಳುವವರೆಗೆ, ಮತ್ತೆ ಕಾಲು ಸುತ್ತು. ಕುಂಕುಮ ಇಟ್ಟು, ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ನಾನೇ ಉರುಳಿಸಿದೆ.

ಆ ಮರಳು ಮಣ್ಣಲ್ಲ, ಕಾರ್ಬನ್ ಪೈಪು ಜಾರದೆ ಕಚ್ಚಿಕೊಳ್ಳಲಿ ಅಂತ ಬೇಕೆಂದೇ ಹಚ್ಚುವ ಪೇಸ್ಟು. ಅದಿದ್ದರೆ ಸ್ವಲ್ಪ ಬಿಗಿದರೂ ಸಾಕು. ಉಕ್ಕಿಗೆ ಗ್ರೀಸು ಅಮೃತ, ಕಾರ್ಬನ್ನಿಗೆ ಅದೇ ಜಾರುಬಂಡೆ. ಇದು ನನಗೆ ಆಮೇಲೆ ತಿಳಿದ ವಿಷಯ. ಮೂಲೆಗೆ ಎಸೆದ ಹಾಳೆಯಲ್ಲಿ ಚಿತ್ರ ಸಮೇತ ಇತ್ತು.

ಎರಡು ದಿನಕ್ಕೆ ಹುಡುಗಿ ಬಂದು, "ಮಾವ, ಓಡ್ತಾ ಓಡ್ತಾ ಸೀಟು ಕೆಳಗಿಳೀತಾ ಇದೆ" ಅಂದಳು. ಇನ್ನೊಂದು ಕಾಲು ಸುತ್ತು ಕೊಟ್ಟೆ. ಮೂರು ದಿನ ಬಿಟ್ಟು ಮತ್ತೆ ಇಳಿಯಿತು. "ನೋಡ್ದಾ ನಿನ್ನ ಕಾರ್ಬನ್ ಭಾಗ್ಯಾನ? ನಿಂತಲ್ಲಿ ನಿಲ್ಲಲ್ಲ" ಅಂತ ಅವಳನ್ನೇ ಅಂದು ಮತ್ತೆ ಬಿಗಿದೆ. ಮೂರನೇ ಸಲ, ಓಟಕ್ಕೆ ಎರಡು ದಿನ ಇರುವಾಗ, ನನಗೆ ತಲೆ ಕೆಟ್ಟುಹೋಯಿತು. ಅವಳು ಹ್ಯಾಂಡಲ್ ಹಿಡಿದು ನಿಂತಿದ್ದಳು. ಬೋಲ್ಟು ತಿರುಗಿಸುವ ಅಲೆನ್ ಕೀಗೆ ಒಂದು ತುಂಡು ಪೈಪು ಸಿಕ್ಕಿಸಿ, ಹಿಡಿ ಉದ್ದ ಮಾಡಿಕೊಂಡು, ಹಲ್ಲು ಕಚ್ಚಿ ತಿರುಗಿಸಿದೆ. ಒಳಗಿನಿಂದ ಟಿಕ್ ಅಂತ ಒಂದು ಸದ್ದು ಬಂತು, ಒಣ ಕಡ್ಡಿ ಮುರಿದಷ್ಟೇ ಸಣ್ಣದು.

ಕೇಳಿಸಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಾರ್ಬನ್ ಹೇಳದೆ ಕೆಡುತ್ತದೆ, ಮೂಗಿ ಅದು, ಅಂತ ಊರೆಲ್ಲ ಸಾರಿಕೊಂಡು ತಿರುಗಿದವನು ನಾನು. ಅದು ಹೇಳಿತ್ತು, ನನ್ನ ಕಿವಿಯಿಂದ ಒಂದು ಮೊಳ ದೂರದಲ್ಲಿ. ಬೋಲ್ಟಿನ ವಾಷರ್ ಕೂತಿರಬೇಕು ಅಂದುಕೊಂಡು ಕೈ ಒರೆಸಿಕೊಂಡೆ. "ಈಗ ನೋಡು, ಬ್ರಹ್ಮ ಬಂದ್ರೂ ಇಳಿಯಲ್ಲ" ಅಂದೆ. ಅವಳು ತಲೆಯಾಡಿಸಿದಳು.

ಓಟ ಇದ್ದದ್ದು ಗೌರಿಬಿದನೂರಿನಿಂದ ನಗರಗೆರೆ ಕಡೆ ಹೋಗಿ ವಾಪಸ್ ಬರುವ ರಸ್ತೆಯಲ್ಲಿ. ಒಬ್ಬೊಬ್ಬರನ್ನೇ ಬಿಟ್ಟು ವೇಳೆ ನೋಡುವ ಓಟ. ನಾನು ನಗರಗೆರೆ ಹತ್ತಿರ ಒಂದು ಇಳಿಜಾರಿನ ಬುಡದಲ್ಲಿ ನಿಂತಿದ್ದೆ. ಹಿಂದಿರುಗುವಾಗ ಅವಳು ಮೇಲಿನಿಂದ ಇಳಿದು ಬಂದಳು. ಕಾಲು ತಿರುಗುತ್ತಿದ್ದದ್ದು ಕಾಣುತ್ತಿರಲಿಲ್ಲ, ಅಷ್ಟು ವೇಗ. ಅವಳ ಮುಂದೆ ಹೊರಟಿದ್ದ ಇಬ್ಬರು ಹುಡುಗಿಯರನ್ನು ಆಗಲೇ ಹಿಂದೆ ಹಾಕಿದ್ದಳು. ರಸ್ತೆಯಲ್ಲೊಂದು ಸಣ್ಣ ಗುಂಡಿ. ಹಿಂದಿನ ಚಕ್ರ ಅದಕ್ಕೆ ಇಳಿದು ಎದ್ದಿತು, ಅಷ್ಟೇ. ಸೀಟು ಅವಳ ಕೆಳಗಿನಿಂದ ಕಳಚಿ ಹಾರಿತು. ಅವಳು ಮೊದಲು ಮುರಿದ ಪೈಪಿನ ಮೇಲೆ, ಆಮೇಲೆ ಟಾರಿನ ಮೇಲೆ ಬಿದ್ದು ಉರುಳಿದಳು.

ಓಡಿದೆ. ತೊಡೆ ಸೀಳಿತ್ತು. ಎಡಗೈ ಎತ್ತಲಾಗುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು "ಅಯ್ಯೋ ತಲ್ಲೀ, ಏಮಾಯಿಂದಮ್ಮಾ" ಅಂತ ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ತಮ್ಮ ನೀರಿನ ಬಾಟಲು ತಂದು ಅವಳ ಬಾಯಿಗೆ ಹಿಡಿದರು. ಹುಡುಗಿ ಅಳಲಿಲ್ಲ. "ಟೈಮ್ ಎಷ್ಟಾಗಿತ್ತು ಮಾವ?" ಅಂದಳು. ಆ ಮಾತಿಗೆ ನನ್ನ ತಲೆಯೊಳಗೆ ಏನೋ ಒಡೆಯಿತು.

ಕೋಚ್ ಓಟದವರ ಜೀಪಿನಿಂದ ಇಳಿದು ಬರುತ್ತಿದ್ದರು. ನಾನು ಅವರ ಎದೆಯ ಮೇಲೆ ಕೈಯಿಟ್ಟು ತಳ್ಳಿದೆ. ನಿಮ್ಮ ಪ್ಲಾಸ್ಟಿಕ್ ಸೈಕಲ್, ನಿಮ್ಮ ಗೂಡು, ನಿಮ್ಮ ಅಂಟು, ಹೆತ್ತವರ ಮಕ್ಕಳನ್ನು ಕೊಲ್ಲೋಕೆ ಹೊರಟಿದೀರ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಸುತ್ತ ನಿಂತು ಕೇಳುತ್ತಿದ್ದರು. ಕೇಳಲಿ ಅಂತಲೇ ಕಿರುಚಿದೆ. ಅವರು ರಸ್ತೆಯಲ್ಲಿ ಬಿದ್ದಿದ್ದ ಪೈಪಿನ ತುಂಡನ್ನು ಎತ್ತಿಕೊಂಡರು. ಅದರ ಮೇಲಿನ ಗ್ರೀಸನ್ನು ಹೆಬ್ಬೆರಳಿನಲ್ಲಿ ಒರೆಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ತುಂಡನ್ನು ನನ್ನ ಕೈಗೆ ಕೊಟ್ಟು, "ಮೊದಲು ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಣ ಅಣ್ಣಾ" ಅಂದರು. ಅಷ್ಟು ಜನರೆದುರು ಬೇರೊಂದು ಮಾತೂ ಆಡಲಿಲ್ಲ.

ಕಾಲರ್ ಬೋನ್ ಮುರಿದಿತ್ತು. ತೊಡೆಗೆ ಉದ್ದಕ್ಕೂ ಹೊಲಿಗೆ ಹಾಕಿದರು. ಸಾದಲಿಯಿಂದ ತಂಗಿ ಬಂದಳು, ಸೊಪ್ಪಿನ ಹಸಿರು ಕಲೆ ಅಂಟಿದ ಕೈಯಲ್ಲೇ. "ಏನಾಯ್ತಣ್ಣ?" ಅಂದಳು. ನಾನು ಕಾರ್ಬನ್ ಅಂದೆ. ಕೋಚ್ ಅಂದೆ. ನಾನು ಬೇಡ ಬೇಡ ಅಂತ ಬಡಕೊಂಡೆ, ಕೇಳಲಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದೇ ಕೆಲಸ ಮಾಡಿದೆ. ಮಂಚದ ಮೇಲೆ ಹುಡುಗಿ ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ತಂಗಿ, "ಸಾಕು ಈ ಸೈಕಲ್ ಸಹವಾಸ" ಅಂದು ಡಿಸ್ಚಾರ್ಜ್ ಆದ ದಿನವೇ ಅವಳನ್ನು ಊರಿಗೆ ಕರೆದುಕೊಂಡು ಹೋದಳು. ಕೋಚ್ ಹತ್ತಿರ ಕಲಿಯುತ್ತಿದ್ದ ಮಕ್ಕಳಲ್ಲಿ ಐದಾರು ಜನರನ್ನು ಅವರ ಮನೆಯವರು ಬಿಡಿಸಿದರು ಅಂತ ಟೈರ್ ಅಂಗಡಿಯವನು ಹೇಳಿದ. ಮೊದಲ ದಿನ ಕೇಳಿ ನನಗೆ ಸಮಾಧಾನವೇ ಆಯಿತು. ಹಾಗೆ ಆಯಿತಲ್ಲ ಅಂತ ಈಗ ನನ್ನ ಮೇಲೆ ನನಗೆ ಹೇಸಿಗೆ.

ಆ ತುಂಡು ಅಂಗಡಿಯ ಮೇಜಿನ ಮೇಲೇ ಇತ್ತು. ಕಾರ್ಬನ್ನಿನ ಕಳಪೆತನ ಎಲ್ಲಿದೆ ಅಂತ ಪತ್ತೆ ಮಾಡಿ ಕೋಚ್ ಮುಖಕ್ಕೆ ಹಿಡಿಯಬೇಕು ಅನ್ನುವ ಹಟದಿಂದ ಒಂದು ದಿನ ಅದನ್ನು ದೀಪದ ಕೆಳಗೆ ಹಿಡಿದೆ. ಮುರಿದಿದ್ದ ಜಾಗ ಸರಿಯಾಗಿ ಪೈಪನ್ನು ಬಿಗಿದು ಹಿಡಿಯುವ ಕ್ಲ್ಯಾಂಪಿನ ಅಂಚಿಗೆ. ಸುತ್ತಲೂ ಉಂಗುರದ ಹಾಗೆ ಹಿಂಡಿದ ಗುರುತು. ಅರ್ಧ ಉಂಗುರದಲ್ಲಿ ಬಿರುಕಿನೊಳಗೆ ನನ್ನ ಗ್ರೀಸು ಇಳಿದು ಕಪ್ಪಾಗಿತ್ತು, ಉಳಿದರ್ಧ ಹೊಸದಾಗಿ ಮುರಿದು ಒಣಗಿತ್ತು. ಹಳೇ ಬಿರುಕು ಯಾವುದು ಹೊಸ ಬಿರುಕು ಯಾವುದು ಅಂತ ಹೇಳುವುದು ನನ್ನ ಕಸುಬು. ಟ್ರ್ಯಾಕ್ಟರ್ ಶಾಫ್ಟು ತಂದು ಜಗಳವಾಡುವ ಎಷ್ಟು ಜನ ರೈತರಿಗೆ ಇದೇ ಗುರುತು ತೋರಿಸಿ ಬಾಯಿ ಮುಚ್ಚಿಸಿದ್ದೇನೆ. ಓಟಕ್ಕೆ ಮುಂಚೆಯೇ ಬಿರುಕು ಬಿಟ್ಟ ಪೈಪು ಅದು. ಬಿಟ್ಟ ಹೊತ್ತೂ ನನಗೆ ಗೊತ್ತಿತ್ತು. ಆಮೇಲೆ ಹುಡುಕಿ ಆ ಹಾಳೆ ತೆಗೆದು ಓದಿದೆ. ಸೀಟಿನ ಬೋಲ್ಟಿಗೆ ಬರೆದಿದ್ದ ಅಳತೆಗೆ ರೆಂಚನ್ನು ಹೊಂದಿಸಿ ಇನ್ನೊಂದು ಬೋಲ್ಟಿನ ಮೇಲೆ ಪರೀಕ್ಷೆ ಮಾಡಿದೆ. ನಾನು ಕಚ್ಚಿಕೊಳ್ಳುವುದು ಅಂತ ಕರೆಯುವುದಕ್ಕೂ ಎಷ್ಟೋ ಮುಂಚೆಯೇ ಅದು ಕ್ಲಿಕ್ ಅಂದಿತು.

ಮೂರು ದಿನ ಹೆಂಡತಿಯ ಮೇಲೆ, ಗಿರಾಕಿಗಳ ಮೇಲೆ, ಕರೆಂಟಿನವರ ಮೇಲೆ ಹರಿಹಾಯ್ದೆ. ನಾಲ್ಕನೇ ದಿನ ಮೊದಲು ಕೋಚ್ ಮನೆಗೆ ಹೋದೆ. ಅವರು ಬಾಗಿಲಲ್ಲೇ, "ನಂಗೆ ಅವತ್ತೇ ಗೊತ್ತಾಯ್ತು ಅಣ್ಣಾ" ಅಂದರು. ಹಾಗಾದರೆ ಅಷ್ಟು ಜನರ ಮುಂದೆ ಯಾಕೆ ಹೇಳಲಿಲ್ಲ ಅಂದೆ. "ಮಗು ಕೇಳಿಸ್ಕೊಳ್ತಾ ಇದ್ದಳು" ಅಂದರು. ಚಹ ಕುಡಿಸಿದರು. ಆ ಮನುಷ್ಯ ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹುಡುಗಿ ಇನ್ನೂ ಓಡಬಹುದು, ದೊಡ್ಡವರ ವಿಭಾಗದಲ್ಲಿ ಮುಂದಿನ ವರ್ಷ ಅವಕಾಶ ಇದೆ, ಅವರಮ್ಮ ಒಪ್ಪಬೇಕು ಅಷ್ಟೇ, ಅಂದರು.

ಅಲ್ಲಿಂದ ನೇರ ಸಾದಲಿಗೆ. ತಂಗಿ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಹುಡುಗಿ ಹೊರಗೆ ಜಗಲಿಯ ಮೇಲೆ, ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಸೊಪ್ಪು ಆರಿಸುತ್ತಿದ್ದಳು. ತಂಗಿಯನ್ನು ಹೊರಗೆ ಕರೆದು ಇಬ್ಬರ ಮುಂದೆಯೂ ಎಲ್ಲ ಹೇಳಿದೆ. ಪೇಸ್ಟು, ಗ್ರೀಸು, ಪೈಪು ಸಿಕ್ಕಿಸಿದ ಅಲೆನ್ ಕೀ, ಆ ಸದ್ದು. ಕಾರ್ಬನ್ನಿನದೇನೂ ತಪ್ಪಿಲ್ಲ, ಕೋಚ್‌ದಂತೂ ಮೊದಲೇ ಇಲ್ಲ, ಮುರಿದವನು ನಾನು ಅಂದೆ. ಇವಳಿಗೆ ಸೈಕಲ್ ಬಿಡಿಸಬೇಡ, ಅವರ ಹತ್ತಿರ ತಿರುಗಿ ಕಳಿಸು ಅಂದೆ.

ತಂಗಿ ಮಗಳ ಕಡೆ ನೋಡಿದಳು. ಹುಡುಗಿ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು.

"ಗೊತ್ತಿತ್ತು ಮಾವ" ಅಂದಳು. "ಟಿಕ್ ಅಂದಿದ್ದು ನಂಗೂ ಕೇಳಿಸ್ತು. ಓಟದ ದಿನ ಹೊರಡೋಕೆ ಮುಂಚೆ ಸರ್ ಕೇಳಿದ್ರು, ಸೀಟು ಯಾರಾದ್ರೂ ಬಿಚ್ಚಿದ್ರಾ ಅಂತ. ಇಲ್ಲ ಅಂದೆ."

ನಾನು ಎದ್ದು ನಿಂತೆ. ಮುರಿದದ್ದು ಗೊತ್ತಿದ್ದೂ ಅದರ ಮೇಲೆ ಕೂತು ಆ ಇಳಿಜಾರು ಇಳಿದಳು ಅನ್ನುವುದು ತಲೆಗೆ ಹತ್ತುತ್ತಲೇ ಕಣ್ಣು ಕತ್ತಲೆ ಬಂತು. "ಗೊತ್ತಿದ್ದೂ ಹತ್ತಿದ್ಯಾ? ಸತ್ತೋಗಿದ್ರೆ? ನನಗೆ ಒಂದು ಮಾತು ಹೇಳಕ್ಕೆ ಏನಾಗಿತ್ತೇ ನಿನಗೆ?" ಅಂತ ಕೂಗಿದೆ. ಬೀದಿಯ ಆಚೆ ಮನೆಯವರು ಹೊರಗೆ ಬಂದು ನೋಡಿದರು. ನನ್ನ ಕೈ ಅವಳ ಮುಖದ ಮುಂದೆ ಆಡುತ್ತಿತ್ತು.

ಅವಳು ಒಳ್ಳೆಯ ಕೈಯಿಂದ ಕಟ್ಟಿದ ಕೈಯನ್ನು ಹಿಡಿದುಕೊಂಡು ಗೋಡೆಗೆ ಸರಿದಳು. ಎಷ್ಟೋ ಸಲ ಸರಿದು ಅಭ್ಯಾಸ ಆಗಿರುವವರು ಸರಿಯುವ ಹಾಗೆ.

"ಇದಕ್ಕೇ ಮಾವ" ಅಂದಳು.

ಕೈ ಇಳಿಸಿದೆ. ತಂಗಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಚಿಕ್ಕಂದಿನಿಂದ ನನಗೆ ಎದುರು ಮಾತಾಡಿದವಳಲ್ಲ.

"ಸೈಕಲ್ ಬಿಡಿಸಲ್ಲ ಕಣಣ್ಣ ಇವಳಿಗೆ" ಅಂದಳು. "ನಿನ್ನ ಮನೆ ಬಿಡಿಸ್ತೀನಿ."